3 ಲಕ್ಷ ಜನ ನೋಡಿದರು, 11 ಕಟ್ಟು ಹಪ್ಪಳ ಹೋಯಿತು

2022ರ ಏಪ್ರಿಲ್‌ನಲ್ಲಿ ನಮ್ಮದೊಂದು ರೀಲ್ ಓಡಿತು. ಅದರಲ್ಲಿ ಇದ್ದದ್ದು ಅತ್ತೆಯ ಎರಡು ಕೈ ಮಾತ್ರ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಹಲಸಿನ ಹಿಟ್ಟಿನ ಉಂಡೆ, ಮೇಲೆ ಮಣೆಯಿಂದ ಒಂದು ಒತ್ತು, ಹಾಳೆ ಬಿಡಿಸಿದರೆ ದುಂಡಗಿನ ಹಪ್ಪಳ. ಅಷ್ಟೇ, 14 ಸೆಕೆಂಡ್. ಮಣಿಪಾಲದಲ್ಲಿ ಓದುತ್ತಿದ್ದ ಅಣ್ಣನ ಮಗ ಬಂದು ವಿಡಿಯೊ ಮಾಡಿದ. ಆಗ ಎಲ್ಲರೂ ಹಾಕುತ್ತಿದ್ದ ಹಾಡೊಂದನ್ನು ಸೇರಿಸಿ ಇನ್‌ಸ್ಟಾಗ್ರಾಮ್‌ಗೆ ಬಿಟ್ಟ. ರಾತ್ರಿ ಮಲಗುವಾಗ 600 ಜನ ನೋಡಿದ್ದರು. ಬೆಳಗ್ಗೆ ಏಳುವಾಗ 40 ಸಾವಿರ. ವಾರ ಕಳೆಯುವಷ್ಟರಲ್ಲಿ 3 ಲಕ್ಷ ದಾಟಿತು.

ಆ ವಾರ ಅದನ್ನು ನೋಡಿ ಬಂದ ಆರ್ಡರ್ 11 ಕಟ್ಟು. ಒಂದು ಕಟ್ಟಿಗೆ 25 ಹಪ್ಪಳ, ಆಗಿನ ರೇಟು 90 ರೂಪಾಯಿ. ಒಟ್ಟು 990. ಅದರಲ್ಲೂ ನಾಲ್ಕು ಕಟ್ಟು ಹುಡುಗನ ಹಾಸ್ಟೆಲ್ ಗೆಳೆಯರದ್ದೇ.

ನನಗೆ ಅಳು ಬರುವುದೊಂದು ಬಾಕಿ. ಅತ್ತೆಗೆ ಹೇಳಿದರೆ ಅವರು ಹಿಟ್ಟು ನಾದುವುದನ್ನು ನಿಲ್ಲಿಸಲೂ ಇಲ್ಲ. "ತೇರು ನೋಡ್ಲಿಕ್ಕೆ ಬಂದವರೆಲ್ಲ ಚರುಮುರಿ ತೆಕ್ಕೊಳ್ತಾರಾ ಮಾರಾಯ್ತಿ?" ಅಂದರು.

ನಮ್ಮ ಮನೆ ಉಡುಪಿಯ ಪರ್ಕಳದ ಹತ್ತಿರ. ಮಣಿಪಾಲದಿಂದ ಸ್ವಲ್ಪ ಮುಂದೆ. ಹಿತ್ತಲಿನಲ್ಲಿ ಆರು ಹಲಸಿನ ಮರ ಇವೆ, ಎರಡು ಮೆತ್ತಗಿನ ಸೊಳೆಯ ತುಳುವ, ನಾಲ್ಕು ಗಟ್ಟಿ ಸೊಳೆಯ ಬಕ್ಕೆ. ಹಪ್ಪಳಕ್ಕೆ ಬಕ್ಕೆಯೇ ಬೇಕು, ಬಲಿತಿರಬೇಕು, ಹಣ್ಣಾಗಿರಬಾರದು. ಸಾಲದ್ದನ್ನು ಅಕ್ಕಪಕ್ಕದ ಮನೆಗಳಿಂದ ಕೊಳ್ಳುತ್ತೇವೆ. ಅತ್ತೆ 30 ವರ್ಷದಿಂದ ಹಪ್ಪಳ ಮಾಡಿ ಅಂಗಡಿಗೆ ಹಾಕುತ್ತಿದ್ದರು. ಅಂಗಡಿಯವರು ಸಾಲಕ್ಕೆ ತೆಗೆದುಕೊಳ್ಳುತ್ತಿದ್ದರು, ಉಳಿದದ್ದನ್ನು ದೀಪಾವಳಿಗೆ ವಾಪಸ್ ಕೊಡುತ್ತಿದ್ದರು. ನಾನು ಈ ವ್ಯಾಪಾರಕ್ಕೆ ಇಳಿದದ್ದು ಆಸೆಯಿಂದಲ್ಲ. 2020ರ ಲಾಕ್‌ಡೌನ್ ಸರಿಯಾಗಿ ಹಪ್ಪಳದ ಕಾಲಕ್ಕೇ ಬಂತು. ಅಂಗಡಿಯವರು ಈ ಸಲ ಬೇಡ ಅಂದರು. ಮನೆಯ ಅಟ್ಟದಲ್ಲಿ 180 ಕಟ್ಟು ಕುಳಿತಿತ್ತು. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಹಾಕಿ, 'ಅತ್ತೆ ಮಾಡಿದ ಹಲಸಿನ ಹಪ್ಪಳ ಉಂಟು, ಬೇಕಾದವರು ಹೇಳಿ' ಅಂತ ಬರೆದೆ. ಸಡಿಲಿಕೆಯ ಹೊತ್ತಿನಲ್ಲಿ ಯಜಮಾನರು ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬಂದರು. ಜೂನ್ ಮುಗಿಯುವಷ್ಟರಲ್ಲಿ ಅಟ್ಟ ಖಾಲಿ.

ಆ ಒಂದು ಸಾಲಿನ ಮೆಸೇಜು ಮಾಡಿದ ಕೆಲಸವನ್ನು ಎರಡು ವರ್ಷದ ನಂತರ 3 ಲಕ್ಷದ ರೀಲ್ ಯಾಕೆ ಮಾಡಲಿಲ್ಲ? ಇದು ನನ್ನನ್ನು ತುಂಬಾ ದಿನ ಕಾಡಿತು. ಅಣ್ಣನ ಮಗ ಅಕೌಂಟನ್ನು ಪ್ರೊಫೆಷನಲ್ ಮಾಡಿಕೊಟ್ಟ. ಹಾಗೆ ಮಾಡಿದರೆ 'ಇನ್‌ಸೈಟ್ಸ್' ಅಂತ ಒಂದು ಜಾಗ ತೆರೆಯುತ್ತದೆ. ಯಾವ ಊರಿನವರು ನೋಡುತ್ತಿದ್ದಾರೆ, ಎಷ್ಟು ವಯಸ್ಸಿನವರು, ಎಲ್ಲ ಅಲ್ಲಿ ಸಿಗುತ್ತದೆ. ಮೇಲಿನ ಐದು ಊರುಗಳಲ್ಲಿ ಉಡುಪಿ ಇರಲಿಲ್ಲ. ಮಂಗಳೂರೂ ಇರಲಿಲ್ಲ. ಕಮೆಂಟುಗಳೆಲ್ಲ ಹಿಂದಿ, ತಮಿಳು, ಇಂಗ್ಲಿಷ್. 'ಇದು ಏನು?' ಅಂತ ಕೇಳಿದವರೇ ಜಾಸ್ತಿ. ಹಲಸಿನ ಹಪ್ಪಳ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಅದು ಒಂದು ಚಂದದ ಕೈಕೆಲಸದ ವಿಡಿಯೊ. ನೋಡಿದರು, ಖುಷಿಪಟ್ಟರು, ಬೆರಳು ಸರಿಸಿದರು. ತಪ್ಪು ಅವರದ್ದಲ್ಲ. ಕೊಳ್ಳಬೇಕು ಅನ್ನಿಸಿದವರಿಗೂ ನಾನು ದಾರಿ ಕೊಟ್ಟಿರಲಿಲ್ಲ. ರೇಟು ಬರೆದಿರಲಿಲ್ಲ. ಫೋನ್ ನಂಬರ್ ಇರಲಿಲ್ಲ. ಪ್ರೊಫೈಲಿನಲ್ಲಿ ಒಂದು ಹೂವಿನ ಚಿತ್ರ, ಅದರ ಕೆಳಗೆ 'ಹೋಮ್ ಮೇಡ್ ವಿತ್ ಲವ್' ಅಂತ ಇಂಗ್ಲಿಷ್‌ನಲ್ಲಿ ಬರೆದುಕೊಂಡಿದ್ದೆ. ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಮೊದಲು ಬದಲಾಯಿಸಿದ್ದು ಅದನ್ನೇ. ಈಗ ಪ್ರೊಫೈಲಿನಲ್ಲಿ ನಾಲ್ಕು ವಿಷಯ ಇವೆ: ಏನು ಮಾರುತ್ತೇವೆ, ಎಲ್ಲಿಂದ, ಎಲ್ಲೆಲ್ಲಿಗೆ ಕಳಿಸುತ್ತೇವೆ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಲಿಂಕ್. ಪ್ರತಿ ಪೋಸ್ಟಿನಲ್ಲಿ ರೇಟು ಬರೆಯುತ್ತೇನೆ. 'ರೇಟಿಗೆ ಇನ್‌ಬಾಕ್ಸ್ ಮಾಡಿ' ಅಂತ ಬರೆಯುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ರೇಟು ಹೇಳದ ಮೀನಿನವಳ ಹತ್ತಿರ ಯಾರಾದರೂ ನಿಲ್ಲುತ್ತಾರಾ? ರೇಟು ಕಂಡು ಹೋಗುವವರು ಹೋಗಲಿ. ಉಳಿದವರ ಜೊತೆ ಮಾತಾಡುವಾಗ ಅರ್ಧ ಕೆಲಸ ಮುಗಿದಿರುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದು, ಯಾವ ಆ್ಯಪೂ ಅಲ್ಲ. ಆರ್ಡರ್ ಮಾಡಿದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: 'ನಮ್ಮ ವಿಷಯ ಎಲ್ಲಿ ಗೊತ್ತಾಯಿತು?' ಉತ್ತರವನ್ನು ಬರೆದಿಡುವುದು. 2024ರ ಜೂನ್ ತಿಂಗಳ ಪುಟ ಈಗ ನನ್ನ ಎದುರಿಗಿದೆ. ಒಟ್ಟು 96 ಆರ್ಡರ್. ಅದರಲ್ಲಿ 51 ವಾಟ್ಸಾಪ್ ಸ್ಟೇಟಸ್ ಅಥವಾ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಒಂದು ಲಿಸ್ಟಿನವರಿಗೆಲ್ಲ ಬೇರೆಬೇರೆಯಾಗಿ ಕಳಿಸುವುದು) ನೋಡಿ ಬಂದದ್ದು. 22 'ನಮ್ಮ ಚಿಕ್ಕಮ್ಮ ಹೇಳಿದರು', 'ಪಕ್ಕದ ಮನೆಯವರು ಕೊಟ್ಟರು' ಅಂತ ಬಂದದ್ದು. ಇನ್‌ಸ್ಟಾಗ್ರಾಮ್‌ನಿಂದ 13, ಫೇಸ್‌ಬುಕ್‌ನಿಂದ 6, ಗೂಗಲ್‌ನಿಂದ 4. ಅಲ್ಲಿಯವರೆಗೆ ನಾನು ದಿನಕ್ಕೆ ಒಂದೂವರೆ ಗಂಟೆ ರೀಲ್‌ಗೆ ಕೊಡುತ್ತಿದ್ದೆ, ವಾಟ್ಸಾಪಿಗೆ ಹತ್ತು ನಿಮಿಷ. ಲೆಕ್ಕ ತಲೆಕೆಳಗಾಗಿತ್ತು.

ವಾಟ್ಸಾಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯ ಹಪ್ಪಳ ಹೋಗುವುದೇ ಅದರಿಂದ. ಬೇರೆ ಸಿಮ್ ತೆಗೆದುಕೊಂಡು ಹಳೆಯ ಫೋನಿನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿದೆ. ಉಚಿತವೇ. ಅದರಲ್ಲಿ ಕ್ಯಾಟಲಾಗ್ ಇದೆ, ಫೋಟೊ ಮತ್ತು ರೇಟು ಹಾಕಿಡಬಹುದು. ದಿನಾ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಒಂದು ಅಕ್ಷರ ಒತ್ತಿದರೆ ಸಾಕು, ಇಡೀ ಉತ್ತರ ಬರುತ್ತದೆ. ಲೇಬಲ್ ಹಚ್ಚಬಹುದು. ನನ್ನ ಲೇಬಲ್‌ಗಳು ಮೂರೇ: 'ಹಣ ಬಾಕಿ', 'ಕಟ್ಟಬೇಕು', 'ಕಳಿಸಿ ಆಯ್ತು'. ಕೈಯೆಲ್ಲ ಎಣ್ಣೆ, ಮೇಣ ಆಗಿರುವಾಗ ಯಾರದು ಎಲ್ಲಿಗೆ ಬಂತು ಅಂತ ಹುಡುಕುತ್ತ ಕೂರುವುದು ತಪ್ಪಿತು.

ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಲಿಸ್ಟಿಗೆ 256 ಜನ ಮಾತ್ರ. ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ಹೋಗುತ್ತದೆ. ನಾನು ಸುಮಾರು ಒಂದು ವರ್ಷ ಇದು ಗೊತ್ತಿಲ್ಲದೆ ಕಳಿಸುತ್ತಲೇ ಇದ್ದೆ. 200 ಜನರ ಲಿಸ್ಟಿನಲ್ಲಿ ಅರ್ಧಕ್ಕರ್ಧ ಜನರಿಗೆ ಏನೂ ತಲುಪಿರಲಿಲ್ಲ. ಸ್ಟೇಟಸ್ಸಿನದೂ ಅದೇ ಕಥೆ, ಇಬ್ಬರೂ ಒಬ್ಬರದೊಬ್ಬರು ನಂಬರ್ ಸೇವ್ ಮಾಡಿಕೊಂಡಿರಬೇಕು. ಈಗ ಪ್ರತಿ ಕಟ್ಟಿನೊಳಗೆ ಒಂದು ಚೀಟಿ ಇಡುತ್ತೇನೆ. 'ಈ ನಂಬರನ್ನು ಹಲಸಿನ ಹಪ್ಪಳ ಪರ್ಕಳ ಅಂತ ಸೇವ್ ಮಾಡ್ಕೊಳ್ಳಿ. ಮುಂದಿನ ಸಲ ಒಣಗಿದ ದಿನವೇ ಸುದ್ದಿ ಬರುತ್ತದೆ.' ಪರ್ಕಳದ ಸೈಬರ್‌ನಲ್ಲಿ ಒಂದು ಎ4 ಹಾಳೆಗೆ 12 ಚೀಟಿ ಬರುವ ಹಾಗೆ ಪ್ರಿಂಟ್ ಹಾಕಿಸಿ ಕತ್ತರಿಸುತ್ತೇನೆ. ನಾನು ಜಾಹೀರಾತಿಗೆ ಖರ್ಚು ಮಾಡಿದ ದುಡ್ಡಿನಲ್ಲಿ ಇದಕ್ಕಿಂತ ಚೆನ್ನಾಗಿ ದುಡಿದದ್ದು ಬೇರೆ ಇಲ್ಲ.

ಲಿಸ್ಟುಗಳನ್ನೂ ಊರಿನ ಪ್ರಕಾರ ಒಡೆದೆ. ಉಡುಪಿ-ಮಂಗಳೂರಿನವರು ಒಂದು, ಬೆಂಗಳೂರಿನವರು ಒಂದು, ಮುಂಬೈಯವರು ಒಂದು, ಗಲ್ಫಿನವರು ಒಂದು. ನಾಲ್ವರಿಗೂ ಬೇಕಾದ ಸುದ್ದಿ ಬೇರೆ. ಇಲ್ಲಿಯವರಿಗೆ 'ನಾಳೆ ಬೆಳಗ್ಗೆ ಉಡುಪಿ ಪೇಟೆಗೆ ಬರುತ್ತೇನೆ, ರಥಬೀದಿ ಹತ್ತಿರ ತೆಗೆದುಕೊಳ್ಳಿ' ಅಂದರೆ ಸಾಕು. ಬೆಂಗಳೂರಿನವರಿಗೆ ರಾತ್ರಿ ಬಸ್ಸಿನ ಪಾರ್ಸೆಲ್ ಯಾವ ದಿನ ಅನ್ನುವುದು ಮುಖ್ಯ. ಗಲ್ಫಿನವರಿಗೆ ಕೊರಿಯರ್ ಮಾಡಿದರೆ ಹಪ್ಪಳಕ್ಕಿಂತ ಸಾಗಾಟವೇ ಜಾಸ್ತಿ. ಅವರಿಗೆ ನಾನು ಮೆಸೇಜು ಮಾಡುವುದು ಅಲ್ಲಿಯ ಶಾಲೆಗಳಿಗೆ ರಜೆ ಇರುವ ಜುಲೈ-ಆಗಸ್ಟ್‌ನಲ್ಲಿ. ಊರಿಗೆ ಬಂದವರು ವಾಪಸ್ ಹೋಗುವ ಎರಡು ದಿನ ಮೊದಲು ಸೂಟ್‌ಕೇಸ್ ತೂಕ ಹಾಕುತ್ತಾರಲ್ವಾ, ಆಗ ನೆನಪಾಗಬೇಕು. 'ಬಜ್ಪೆಯಿಂದ ವಿಮಾನ ಯಾವಾಗ? ಅದಕ್ಕೆ ಮೂರು ದಿನ ಮೊದಲು ಹೇಳಿ' ಅಂತ ಬರೆಯುತ್ತೇನೆ. ಒಬ್ಬರು ಹೊತ್ತುಕೊಂಡು ಹೋದದ್ದು ಅಲ್ಲಿ ನಾಲ್ಕು ಮನೆಗೆ ಹಂಚಿ ಹೋಗುತ್ತದೆ. ಮುಂದಿನ ವರ್ಷ ಆ ನಾಲ್ಕೂ ಮನೆಯಿಂದ ಮೆಸೇಜು ಬರುತ್ತದೆ.

ಶುರುವಿನಲ್ಲಿ ಇಲ್ಲೂ ಒಂದು ಪೆದ್ದುತನ ಮಾಡಿದ್ದೆ. ಯಾರೋ ಹೇಳಿದರು, ಗಿರಾಕಿಗಳ ಕಣ್ಣಿಗೆ ದಿನಾ ಬೀಳುತ್ತಿರಬೇಕು ಅಂತ. ಪ್ರತಿ ಬೆಳಗ್ಗೆ ಸೂರ್ಯ, ಹೂವು, ಶುಭೋದಯ ಅಂತ ಕಳಿಸತೊಡಗಿದೆ. ಹದಿನೈದು ದಿನಕ್ಕೆ ದೊಡ್ಡಮ್ಮನ ಮಗಳೇ ಫೋನ್ ಮಾಡಿ, "ನಿನ್ನನ್ನು ಮ್ಯೂಟ್ ಮಾಡಿ ಇಟ್ಟಿದ್ದೇನೆ, ಬೇಜಾರು ಮಾಡ್ಕೊಳ್ಬೇಡ" ಅಂದಳು. ಹೇಳಿದವಳು ಅವಳೊಬ್ಬಳು. ಹೇಳದೆ ಬ್ಲಾಕ್ ಮಾಡಿದವರು ಎಷ್ಟೋ. ಈಗ ತಿಂಗಳಿಗೆ ಎರಡೇ ಬ್ರಾಡ್‌ಕಾಸ್ಟ್, ಅದೂ ಹೇಳುವುದಕ್ಕೆ ಏನಾದರೂ ಇದ್ದರೆ ಮಾತ್ರ. ಸ್ಟೇಟಸ್ ಮಾತ್ರ ದಿನಾ. ಸ್ಟೇಟಸ್ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಬೇಕಾದವರು ಇಣುಕುತ್ತಾರೆ, 24 ಗಂಟೆ ಕಳೆದರೆ ತಾನೇ ಹೋಗುತ್ತದೆ.

ಸ್ಟೇಟಸ್ಸಿಗೆ ಏನು ಹಾಕುವುದು? ಇದನ್ನು ನನಗೆ ಕಲಿಸಿದ್ದು ಮಳೆ.

2023ರ ಮೇ ತಿಂಗಳ ಒಂದು ಮಧ್ಯಾಹ್ನ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ನಾನು ಸುಮ್ನೆ ಒಣಗುತ್ತಿರುವುದನ್ನು ವಿಡಿಯೊ ಮಾಡುತ್ತಿದ್ದೆ. ಅಷ್ಟರಲ್ಲಿ ದೊಡ್ಡ ಹನಿ ಬಿತ್ತು. ಅತ್ತೆ ಒಳಗಿನಿಂದ ಕೆಲಸಕ್ಕೆ ಬರುವ ಅಕ್ಕನಿಗೆ ತುಳುವಿನಲ್ಲಿ ಕೂಗಿದರು, "ಬರ್ಸ ಬತ್ತ್ಂಡ್ ಮಾರಾಯ್ತಿ!" ಅಂತ, ಅಂದರೆ ಮಳೆ ಬಂತು ಅಂತ. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ಚಾಪೆಯ ಎರಡು ತುದಿ ಹಿಡಿದು ಜಗಲಿಗೆ ಎಳೆದರು. ನಾನೂ ಫೋನನ್ನು ತುಳಸಿಕಟ್ಟೆಯ ಮೇಲೆ ಬಿಟ್ಟು ಓಡಿದೆ. ಫೋನು ಎಲ್ಲವನ್ನೂ ಹಿಡಿದಿತ್ತು. ಓರೆಯಾಗಿ, ಅರ್ಧ ತುಳಸಿ ಗಿಡ, ಅರ್ಧ ನಮ್ಮ ಕಾಲುಗಳು. ಅತ್ತೆಯ ಮತ್ತು ಆ ಅಕ್ಕನ ಒಪ್ಪಿಗೆ ಕೇಳಿ, ಒಂದು ಕತ್ತರಿಯೂ ಹಾಕದೆ ಹಾಗೇ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಮ್‌ಗೂ ಹಾಕಿದೆ. ಹಾಡು ಇಲ್ಲ. ಅಕೌಂಟ್ ವ್ಯಾಪಾರದ್ದು ಮಾಡಿದ ಮೇಲೆ ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ಅಲ್ಲಿ ಸಿಗುವುದೂ ಇಲ್ಲ ಅನ್ನಿ.

ಅದನ್ನು ನೋಡಿದವರು ಒಂಬತ್ತು ಸಾವಿರ. 3 ಲಕ್ಷದ ಮುಂದೆ ಏನೂ ಅಲ್ಲ. ಆದರೆ ಆ ಹತ್ತು ದಿನದಲ್ಲಿ ನೋಟ್‌ಬುಕ್ಕಿನಲ್ಲಿ 'ಮಳೆ ವಿಡಿಯೊ' ಅಂತ 43 ಆರ್ಡರ್ ಬರೆದಿದ್ದೇನೆ. ಕರಾವಳಿಯಲ್ಲಿ ಬೆಳೆದವರೆಲ್ಲ ಆ ಓಟ ಓಡಿದವರೇ. ಹಪ್ಪಳಕ್ಕೋ, ಅಡಿಕೆಗೋ, ಭತ್ತಕ್ಕೋ. ಒಬ್ಬರು ತಮ್ಮ ಮನೆಯ ಗ್ರೂಪಿಗೆ ಕಳಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಮುಂಬೈಯಿಂದ ವಯಸ್ಸಾದವರೊಬ್ಬರು ಫೋನ್ ಮಾಡಿ ಹಪ್ಪಳದ ಮಾತೇ ಆಡದೆ ಹತ್ತು ನಿಮಿಷ ತಮ್ಮ ಅಮ್ಮನ ಅಂಗಳದ ಕಥೆ ಹೇಳಿದರು. ಇಡುವ ಮೊದಲು, "ಹತ್ತು ಕಟ್ಟು ಕಳಿಸು ಮಗಾ" ಅಂದರು. ಅವರ ಪಾರ್ಸೆಲ್ಲನ್ನು ಊರಿಗೆ ಬಂದಿದ್ದ ಅವರ ಸಂಬಂಧಿಕರ ಕೈಯಲ್ಲಿ ಇಂದ್ರಾಳಿ ಸ್ಟೇಷನ್ನಿನಲ್ಲಿ ಕೊಟ್ಟೆ, ಮತ್ಸ್ಯಗಂಧ ರೈಲಿನಲ್ಲಿ ಹೋಯಿತು.

ಅಂದಿನಿಂದ ಯಾರಿಗೆ ತೋರಿಸುತ್ತಿದ್ದೇನೆ ಅಂತ ನನಗೆ ಗೊತ್ತು. ಹಲಸಿನ ಹಪ್ಪಳ ಏನು ಅಂತ ಕೇಳುವವರಿಗಲ್ಲ. ತಿಂದು ಬೆಳೆದು ಈಗ ಸಿಗದೆ ಇರುವವರಿಗೆ. ಅಣ್ಣನ ಮಗನಿಗೆ ಇದು ಒಪ್ಪಿಗೆಯಿಲ್ಲ. "ಹೊಸಬರು ಬರದಿದ್ದರೆ ಬೆಳೆಯುವುದು ಹೇಗೆ ಅತ್ತೆ?" ಅಂತ ನನ್ನನ್ನು ಕೇಳುತ್ತಾನೆ. ಆರು ಮರ, ಮೂರು ಜೊತೆ ಕೈ, ನಲವತ್ತು ದಿನದ ಬಿಸಿಲು. ಎಷ್ಟು ಬೆಳೆಯಬೇಕು ಮಾರಾಯ?

ಇನ್ನೊಂದು ಗಮನಿಸಿದ್ದು: ಮಾಡುವ ಕಾಲ ಬೇರೆ, ಮಾರುವ ಕಾಲ ಬೇರೆ. ಹಪ್ಪಳ ಒತ್ತುವುದು ಏಪ್ರಿಲ್-ಮೇಯಲ್ಲಿ. ಸೆಕೆಯಲ್ಲಿ ಬೇಯುತ್ತಿರುವವರಿಗೆ ಕರಿದ ಹಪ್ಪಳ ಬೇಕು ಅನ್ನಿಸುವುದಿಲ್ಲ. ಬೇಕು ಅನ್ನಿಸುವುದು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಗಂಜಿಯ ಜೊತೆ. ಹಾಗಾಗಿ ಏಪ್ರಿಲ್-ಮೇಯಲ್ಲಿ ಕೆಲಸ ಮಾತ್ರ ತೋರಿಸುತ್ತೇನೆ. ಕಾಯಿ ಕೊಯ್ಯುವುದು, ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು. ಮಾರಾಟದ ಮಾತು ಕಡಿಮೆ. ಮೊದಲ ಜೋರು ಮಳೆಯ ದಿನ ಸಂಜೆ ನಾಲ್ಕು ಗಂಟೆಗೆ ತೆಂಗಿನೆಣ್ಣೆಯಲ್ಲಿ ಹಪ್ಪಳ ಅರಳುವ ಒಂಬತ್ತು ಸೆಕೆಂಡಿನ ವಿಡಿಯೊ. ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು. ಕೆಳಗೆ ರೇಟು. ಆ ಹೊತ್ತಿಗೆ ಬೆಂಗಳೂರಿನ ಆಫೀಸುಗಳಲ್ಲಿ ಚಹಾದ ಸಮಯ.

ಒಂದು ಸಣ್ಣ ವಿಷಯ, ನಗಬೇಡಿ. ನಮ್ಮ ಫೋಟೊಗಳೆಲ್ಲ ಮೊದಲು ಮಂಜು ಮುಸುಕಿದ ಹಾಗೆ ಬರುತ್ತಿದ್ದವು. ಒಳ್ಳೆಯ ಫೋನು ಬೇಕೇನೋ ಅಂದುಕೊಂಡು 20 ಸಾವಿರದ ಫೋನು ನೋಡಲು ಹೊರಟಿದ್ದೆ. ಮೇಣ ಅಂಟಬಾರದು ಅಂತ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಆ ಎಣ್ಣೆ ಕ್ಯಾಮೆರಾದ ಗಾಜಿಗೆ ಮೆತ್ತಿಕೊಂಡಿತ್ತು. ಹಳೆಯ ಹತ್ತಿ ಸೀರೆಯ ತುಂಡಿನಿಂದ ಒರೆಸಿದೆ. 20 ಸಾವಿರ ಉಳಿಯಿತು. ಬೆಳಕಿಗೆ ಬೆಳಗ್ಗೆ ಎಂಟರ ಜಗಲಿ ಸಾಕು.

ಜಾಹೀರಾತಿಗೆ ದುಡ್ಡು ಹಾಕಿದ್ದು ಎರಡು ಸಲ. ಮೊದಲ ಸಲ ಇನ್‌ಸ್ಟಾಗ್ರಾಮ್‌ನಲ್ಲಿ 'ಬೂಸ್ಟ್' ಅಂತ ಕಂಡ ಗುಂಡಿ ಒತ್ತಿ, ಇಡೀ ಕರ್ನಾಟಕ ಅಂತ ಆರಿಸಿ, 500 ರೂಪಾಯಿ ಹಾಕಿದೆ. ಲೈಕ್ ಬಂತು. ಲೈಕನ್ನು ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ. ಎರಡನೆಯ ಸಲ ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಮ್ಯಾಪಿನಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ವಿಜಯನಗರದ ಮೇಲೆ ಗುರುತು ಇಟ್ಟು, ಸುತ್ತಲಿನ ಕೆಲವು ಕಿಲೋಮೀಟರ್ ಮಾತ್ರ ಆರಿಸಿದೆವು. ಒತ್ತಿದರೆ ನೇರ ವಾಟ್ಸಾಪಿಗೆ ಬರುವ ಜಾಹೀರಾತು. ದಿನಕ್ಕೆ 200ರಂತೆ ಏಳು ದಿನ. ಮೇಲೆ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ, ಲೆಕ್ಕದಲ್ಲಿ ಹಿಡಿದಿರಲಿಲ್ಲ. ಒಟ್ಟು 1,652 ರೂಪಾಯಿ. ಮೆಸೇಜು ಮಾಡಿದವರು 38, ಕೊಂಡವರು 14. ಆ ತಿಂಗಳು ನೋಡಿದರೆ ನಷ್ಟವೇ. ಆದರೆ ಆ 14ರಲ್ಲಿ ಒಂಬತ್ತು ಮನೆಯವರು ಮರುವರ್ಷವೂ ತೆಗೆದುಕೊಂಡರು. ಸೇವ್ ಮಾಡುವ ಚೀಟಿ ಒಳಗಿತ್ತಲ್ಲ.

ಆ ಬೆಂಗಳೂರಿನವರಲ್ಲೇ ಒಬ್ಬರು ಕೇಳಿದ್ದು, "ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ?" ಅಂತ. ಇರಲಿಲ್ಲ. ತಿನ್ನುವ ವಸ್ತು ಮಾರುವವರಿಗೆ ಆಹಾರ ಸುರಕ್ಷತೆಯ ಸರಕಾರಿ ಸಂಸ್ಥೆ ಕೊಡುವ ನಂಬರ್ ಅದು. ಮನೆಯಲ್ಲಿ ಮಾಡುವವರಿಗೆ ಅದೆಲ್ಲ ಬೇಡ ಅಂದುಕೊಂಡಿದ್ದೆ. ಬೇಕು. ನಮ್ಮಂಥ ಸಣ್ಣವರಿಗೆ, ಆಗಿನ ನಿಯಮದಲ್ಲಿ ವರ್ಷದ ವ್ಯಾಪಾರ 12 ಲಕ್ಷದ ಒಳಗಿದ್ದವರಿಗೆ, ರಿಜಿಸ್ಟ್ರೇಷನ್ ಸಾಕಿತ್ತು. ನಾನು ಆನ್‌ಲೈನ್‌ನಲ್ಲಿ ಮಾಡಿಸಿದಾಗ ಸರಕಾರಕ್ಕೆ ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಸಿಕ್ಕಿದ 14 ಅಂಕಿಯ ನಂಬರ್ ಈಗ ಲೇಬಲ್ಲಿನಲ್ಲಿದೆ, ಕ್ಯಾಟಲಾಗಿನ ಫೋಟೊದಲ್ಲೂ ಕಾಣುತ್ತದೆ. ಅದರ ಜೊತೆ ತೂಕ, ಮಾಡಿದ ತಿಂಗಳು, ಏನೇನು ಹಾಕಿದ್ದೇವೆ ಅನ್ನುವುದು. ಅತ್ತೆಗೆ ಇದು ಅವಮಾನದ ಹಾಗೆ ಕಂಡಿತು. "30 ವರ್ಷದಿಂದ ಯಾರೂ ಕೇಳ್ಲಿಲ್ಲ" ಅಂದರು. 30 ವರ್ಷ ಅವರ ಮುಖ ನೋಡಿ ಕೊಂಡವರು ಅವರೆಲ್ಲ. ಫೋನಿನಲ್ಲಿ ಮುಖ ಕಾಣದವರಿಗೆ ನಂಬರಾದರೂ ಕಾಣಬೇಕಲ್ವಾ?

ಹಾಗೇ ಆಡಿಟರ್ ಹತ್ತಿರವೂ ಹೋದೆ, ಮುಂಬೈಗೆ ಕಳಿಸುತ್ತಿದ್ದೇನಲ್ಲ, ತೊಂದರೆ ಇಲ್ಲವಾ ಅಂತ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಅದೊಂದನ್ನೇ ಮಾರುವುದಾದರೆ ರಿಜಿಸ್ಟ್ರೇಷನ್ ಬೇಡ ಅಂದರು. "ಉಪ್ಪಿನಕಾಯಿ ಮಾತ್ರ ಸೇರಿಸ್ಬೇಡಿ. ಅದಕ್ಕೆ ತೆರಿಗೆ ಉಂಟು, ಹೊರ ರಾಜ್ಯಕ್ಕೆ ಕಳಿಸಿದರೆ ಕತೆ ಬೇರೆ." ಹಾಗಾಗಿ ನನ್ನ ಮಿಡಿ ಉಪ್ಪಿನಕಾಯಿ ಇನ್ನೂ ನಮ್ಮ ಮನೆಯ ಊಟದ ಎಲೆಯಲ್ಲೇ ಇದೆ.

ಮೋಸದವರ ಬಗ್ಗೆಯೂ ಹೇಳಬೇಕು, ನಂಬರನ್ನು ಊರಿಗೆಲ್ಲ ಕೊಟ್ಟ ಮೇಲೆ ಅವರೂ ಬರುತ್ತಾರೆ. ಒಬ್ಬ ತಾನು ಮಿಲಿಟರಿಯವನು, ಕ್ಯಾಂಟೀನಿಗೆ 100 ಕಟ್ಟು ಬೇಕು ಅಂದ. ಚೌಕಾಸಿ ಇಲ್ಲ, ರೇಟಿಗೆ ತಕ್ಷಣ ಒಪ್ಪಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಚೌಕಾಸಿ ಮಾಡದೆ ನೂರು ಕಟ್ಟು ಯಾರು ಕೊಳ್ಳುತ್ತಾರೆ? ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಹಣ ಬರುತ್ತದೆ' ಅಂದ. ಯಜಮಾನರು ಪಕ್ಕದಲ್ಲಿದ್ದರು, ಫೋನ್ ಕಿತ್ತುಕೊಂಡರು. ಹಣ ಬರುವುದಕ್ಕೆ ಪಿನ್ ಹಾಕುವ ಪ್ರಶ್ನೆಯೇ ಇಲ್ಲ, ಪಿನ್ ಹಾಕಿದರೆ ಹೋಗುವುದೇ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಹಾಕಿದ ಸ್ಕ್ರೀನ್‌ಶಾಟನ್ನೂ ನಾನು ನಂಬುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಬಂದದ್ದು ಕಂಡ ಮೇಲೆಯೇ ಲೇಬಲ್ ಬದಲಾಯಿಸುವುದು.

ಕೆಟ್ಟದ್ದನ್ನು ತೋರಿಸಬೇಕಾ ಬೇಡವಾ ಅನ್ನುವುದು ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಒಂದು ಸಲ ಕೊರಿಯರಿನಲ್ಲಿ ಹೋದ ಐದು ಕಟ್ಟು ಪುಡಿಪುಡಿಯಾಗಿ ತಲುಪಿತು. ಅವರು ಫೋಟೊ ಕಳಿಸಿ, ಒಂದು ಬೈಗುಳವನ್ನೂ ಕಳಿಸಿದರು. ಹೊಸ ಐದು ಕಟ್ಟು ಕಳಿಸಿದೆ. ಆಮೇಲೆ ಅವರನ್ನೇ ಕೇಳಿ ಆ ಪುಡಿಯ ಫೋಟೊವನ್ನು ನನ್ನ ಸ್ಟೇಟಸ್ಸಿಗೆ ಹಾಕಿದೆ. 'ಇದು ನಮ್ಮ ಹಪ್ಪಳ. ಕಟ್ಟುವುದರಲ್ಲಿ ತಪ್ಪಾಗಿದೆ. ಗಟ್ಟಿ ಪೆಟ್ಟಿಗೆ ತರಿಸಿದ್ದೇನೆ' ಅಂತ. ಅಣ್ಣನ ಮಗ ತಲೆ ಚಚ್ಚಿಕೊಂಡ. ಬಂದ ಉತ್ತರ ಮಾತ್ರ ಬೇರೆ: 'ಪುಡಿ ಇದ್ದರೆ ಅರ್ಧ ರೇಟಿಗೆ ಕೊಡ್ತೀರಾ, ಮಜ್ಜಿಗೆ ಅನ್ನಕ್ಕೆ ಒಳ್ಳೆದಾಗ್ತದೆ.' ಈಗ ಒಡೆದ ಹಪ್ಪಳ ಅಂತ ಕ್ಯಾಟಲಾಗಿನಲ್ಲಿ ಒಂದು ಸಾಲೇ ಇದೆ. ಅದು ಹಾಕಿದ ದಿನವೇ ಖಾಲಿ.

ನಿಜವಾದ ಪರೀಕ್ಷೆ 2025ರದ್ದು. ಮುಂಗಾರು ಕೇರಳಕ್ಕೆ ಸಾಮಾನ್ಯವಾಗಿ ಬರುವುದು ಜೂನ್ 1ಕ್ಕೆ. ಆ ವರ್ಷ ಮೇ 24ಕ್ಕೇ ಬಂತು, ನಮಗೂ ಆಗಲೇ ಹಿಡಿಯಿತು. ನಾನು ಮೇ ಕೊನೆಯ ವಾರದ ಬಿಸಿಲನ್ನು ನಂಬಿ 140 ಕಟ್ಟಿಗೆ ಮುಂಗಡ ಹಣ ತೆಗೆದುಕೊಂಡಿದ್ದೆ. ಅರ್ಧ ಒಣಗಿದ ಹಪ್ಪಳ ಬೂಸಲು ಹಿಡಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ನೋಡಿದೆವು, ಹೊಗೆಯ ವಾಸನೆ. ಅತ್ತೆ ಒಂದು ಚೂರು ಬಾಯಿಗೆ ಹಾಕಿ, "ಇದನ್ನು ನಮ್ಮ ಹೆಸರಲ್ಲಿ ಕೊಡ್ಲಿಕ್ಕಾಗುದಿಲ್ಲ" ಅಂದರು. ಎರಡು ದಿನ ನಾನು ಫೋನನ್ನೇ ಮುಟ್ಟಲಿಲ್ಲ. ಮೆಸೇಜುಗಳು ಬೀಳುತ್ತಲೇ ಇದ್ದವು, ನೀಲಿ ಗೆರೆ ಬೀಳಬಾರದು ಅಂತ ತೆರೆಯುತ್ತಿರಲಿಲ್ಲ. ಆ ಎರಡು ದಿನ ನಾನು ಮಾಡಿದ ತಪ್ಪು ಬೂಸಲಿಗಿಂತ ದೊಡ್ಡದು. ಮೂರನೆಯ ದಿನ ಬೂಸಲು ಹಿಡಿದ ಹಪ್ಪಳವನ್ನು ಕೈಯಲ್ಲಿ ಹಿಡಿದು ವಿಡಿಯೊ ಮಾಡಿದೆ. ಅಳು ಇಲ್ಲ, ಕಥೆ ಇಲ್ಲ. 62 ಕಟ್ಟು ಮಾತ್ರ ಇದೆ, ಮೊದಲು ಹಣ ಹಾಕಿದವರಿಗೆ ಮೊದಲು, ಉಳಿದವರಿಗೆ ಇವತ್ತು ಸಂಜೆಯೊಳಗೆ ಹಣ ವಾಪಸ್. ಬ್ರಾಡ್‌ಕಾಸ್ಟ್ ಅಲ್ಲದೆ, ಮುಂಗಡ ಕೊಟ್ಟ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿದೆ.

ಸಿಗದೆ ಹೋದದ್ದು 31 ಮನೆಗೆ. ಅದರಲ್ಲಿ 19 ಮಂದಿ 'ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ' ಅಂದರು. ಇಟ್ಟುಕೊಳ್ಳಲಿಲ್ಲ, ಎಲ್ಲರಿಗೂ ವಾಪಸ್ ಹಾಕಿದೆ. ವರ್ಷವಿಡೀ ಬೇರೆಯವರ ದುಡ್ಡು ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ. ಇಬ್ಬರು ಮಾತ್ರ ಸಿಟ್ಟು ಮಾಡಿಕೊಂಡು ಹೋದರು, ಅವರು ಮತ್ತೆ ಬರಲಿಲ್ಲ. ಈಗ ಒಣಗಿ ಡಬ್ಬಿಗೆ ಹೋದ ಮೇಲೆಯೇ ಹಣ ಕೇಳುವುದು. ಅದಕ್ಕೆ ಮೊದಲು ಹೆಸರು ಮಾತ್ರ ಬರೆದುಕೊಳ್ಳುತ್ತೇನೆ.

ಫೇಸ್‌ಬುಕ್ ಮತ್ತು ಗೂಗಲ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಫೇಸ್‌ಬುಕ್‌ನಲ್ಲಿ ನನಗೆ ಸಿಗುವವರು ಐವತ್ತು ದಾಟಿದವರು. ಆರ್ಡರ್ ಕಡಿಮೆ, ಆದರೆ ಒಂದೊಂದೂ ದೊಡ್ಡದು. ಗೂಗಲ್ ಮ್ಯಾಪಿನಲ್ಲಿ ಉಚಿತವಾಗಿ ಹೆಸರು ಹಾಕಿಸಿದ್ದೇನೆ. ಮನೆಯ ವಿಳಾಸ ಮುಚ್ಚಿಟ್ಟು, ಯಾವ ಊರುಗಳಿಗೆ ಕೊಡುತ್ತೇವೆ ಅನ್ನುವುದನ್ನು ಮಾತ್ರ ತೋರಿಸಬಹುದು. ಮೊದಲು ವಿಳಾಸ ಹಾಕಿದ್ದೆ. ಒಂದು ಭಾನುವಾರ ಮಧ್ಯಾಹ್ನ ನಾವು ಮಲಗಿದ್ದಾಗ ಕೃಷ್ಣಮಠಕ್ಕೆ ಬಂದಿದ್ದ ಒಂದು ಟೆಂಪೊ ಟ್ರಾವೆಲರ್ ಜನ ಅಂಗಳಕ್ಕೇ ಬಂದಿಳಿದಿದ್ದರು. ಅತ್ತೆ ಅವರಿಗೆ ಬೆಲ್ಲ ನೀರು ಕೊಟ್ಟು, ಹಪ್ಪಳ ಕರಿದು ತಿನ್ನಿಸಿ, ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ಅಂಥ ಗಿರಾಕಿಗಳನ್ನು ದಿನಾ ನಿಭಾಯಿಸುವುದು ಕಷ್ಟ.

ಈಗ ನನ್ನ ಮುಂದೆ ಇರುವ ಸಮಸ್ಯೆ ಬೆಂಗಳೂರಿನ ಲಿಸ್ಟು. 256 ತುಂಬಿ, ಎರಡನೆಯ ಲಿಸ್ಟೂ ತುಂಬುತ್ತಾ ಬಂದಿದೆ. ಅಣ್ಣನ ಮಗ ಈಗ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ವಾಟ್ಸಾಪ್ ಚಾನೆಲ್ ಮಾಡು, ಎಷ್ಟು ಜನ ಬೇಕಾದರೂ ಸೇರಬಹುದು, ನಂಬರ್ ಸೇವ್ ಮಾಡುವ ರಗಳೆಯೂ ಇಲ್ಲ ಅನ್ನುತ್ತಾನೆ. ನಾನು ಮಾಡಿ ನೋಡಿದೆ. ಅದರಲ್ಲಿ ನಾನು ಹೇಳಬಹುದು, ಅವರು ಹೃದಯದ ಚಿತ್ರ ಒತ್ತಬಹುದು. ತಾವಾಗಿ ತಿರುಗಿ ಬರೆಯಲು ಆಗುವುದಿಲ್ಲ. ಬ್ರಾಡ್‌ಕಾಸ್ಟ್ ಕಳಿಸಿದ ದಿನ ನನಗೆ ಬರುವ ಉತ್ತರಗಳಲ್ಲಿ ಅರ್ಧಕ್ಕೂ ಹೆಚ್ಚು ಆರ್ಡರ್ ಅಲ್ಲ. 'ಅತ್ತೆಯ ಮೊಣಕಾಲು ನೋವು ಹೇಗಿದೆ', 'ಖಾರ ಸ್ವಲ್ಪ ಜಾಸ್ತಿ ಹಾಕಿ', 'ಈ ಸಲ ಮಗಳ ಬಾಣಂತನಕ್ಕೆ ಊರಿಗೆ ಬರ್ತಿದ್ದೇನೆ'. ಹಾಗೆ ಬರೆದವರೇ ನಾಲ್ಕು ದಿನ ಬಿಟ್ಟು ಆರ್ಡರ್ ಮಾಡುತ್ತಾರೆ. ಚಾನೆಲ್ಲನ್ನು ಅಳಿಸಿಲ್ಲ, ಇನ್ನೂ ಯಾರಿಗೂ ಹೇಳಿಲ್ಲ. ಮೂರನೆಯ ಲಿಸ್ಟು ಶುರು ಮಾಡಿದ್ದೇನೆ. ನಿನ್ನೆಯ ಮೆಸೇಜುಗಳಲ್ಲಿ 17ಕ್ಕೆ ಉತ್ತರ ಬಾಕಿ ಇದೆ. ಒಬ್ಬರು ಹಲಸಿನ ಬೀಜ ಕೊಡುತ್ತೀರಾ ಅಂತ ಕೇಳಿದ್ದಾರೆ. ಅದನ್ನು ಅತ್ತೆಯ ಹತ್ತಿರ ಕೇಳಬೇಕು.